ವಾಹನದ ಡಿಫರೆನ್ಷಿಯಲ್‌ಗೆ ಸೂಕ್ತ ಗೇರ್ ಆಯಿಲ್ ಆಯ್ಕೆ: ವಾಹನ ಮಾಲೀಕರಿಗೆ ಮಾಹಿತಿ

ಸಾರಿಗೆ ವಾಹನಗಳ ಅರ್ಹತಾ ಪ್ರಮಾಣಪತ್ರದ, ಅಂದರೆ ವಾಡಿಕೆಯಲ್ಲಿ ಎಫ್.ಸಿ. ಎಂದು ಕರೆಯಲಾಗುವ ಪತ್ರದ, ನವೀಕರಣಕ್ಕೆ ಅರ್ಜಿ ಸಲ್ಲಿಸುವ ಮಾಲೀಕರು ತಪಾಸಣೆಗೆ ಮುನ್ನ ದೀಪ, ಹಾರ್ನ್, ಟೈರು, ಬಣ್ಣ, ಪ್ರತಿಫಲಕ ಪಟ್ಟಿ ಮುಂತಾದ ಕಣ್ಣಿಗೆ ಕಾಣುವ ಅಂಶಗಳನ್ನು ಸರಿಪಡಿಸಿಕೊಳ್ಳುವುದು ರೂಢಿಯಲ್ಲಿದೆ. ಹಿಂಬದಿಯ ಆಕ್ಸಲ್‌ನ ನಡುವೆ ಗುಂಡಗೆ ಉಬ್ಬಿರುವ ಹೌಸಿಂಗ್‌ನೊಳಗೆ ಯಾವ ಆಯಿಲ್ ಇದೆ, ಎಷ್ಟಿದೆ, ಯಾವಾಗ ಬದಲಾಯಿಸಲಾಗಿದೆ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಅರ್ಜಿಯ ಯಾವ ನಮೂನೆಯಲ್ಲಿಯೂ ಆಯಿಲ್‌ನ ದರ್ಜೆಯನ್ನು ಕೇಳಿರುವುದಿಲ್ಲವಾದ ಕಾರಣ ಇದು ಸಹಜವೇ ಆಗಿದೆ. ಆದರೆ ತಪ್ಪು ಆಯಿಲ್‌ನಿಂದ ಹಾಳಾದ ಸೀಲ್, ಸೋರಿಕೆಯಿಂದ ತೊಯ್ದ ಬ್ರೇಕ್ ಲೈನರ್, ಶಬ್ದ ಮಾಡುವ ಕ್ರೌನ್ ಇವೆಲ್ಲವೂ ತಪಾಸಣೆಯ ದಿನವಾಗಲಿ, ಅದಕ್ಕಿಂತ ಕೆಟ್ಟದಾಗಿ ಘಟ್ಟದ ರಸ್ತೆಯಲ್ಲಾಗಲಿ, ಹೊರಬಂದೇ ಬರುತ್ತವೆ. ಆದುದರಿಂದ ಈ ಮಾಹಿತಿಯನ್ನು ಸಾರ್ವಜನಿಕರ ಉಪಯೋಗಕ್ಕಾಗಿ ನೀಡಲಾಗಿದೆ.

ಇಲ್ಲಿ ವಿವರಿಸಲಾಗಿರುವ ಮುಖ್ಯ ವಿಷಯವು ಇಷ್ಟೇ: ಅಂಗಡಿಯಲ್ಲಿ "90 ಆಯಿಲ್ ಕೊಡಿ" ಎಂದು ಕೇಳಿದರೆ ಸಾಲದು. 90 ಎಂಬುದು ಆಯಿಲ್‌ನ ಮಂದತೆಯನ್ನು ಮಾತ್ರ ಸೂಚಿಸುತ್ತದೆ. ಡಿಫರೆನ್ಷಿಯಲ್‌ನ ಹಲ್ಲುಗಳನ್ನು ಕಾಪಾಡುವ ಗುಣವನ್ನು ಸೂಚಿಸುವುದು ಬೇರೊಂದು ಗುರುತು.

ಡಿಫರೆನ್ಷಿಯಲ್‌ನಲ್ಲಿ ಆಯಿಲ್‌ಗೆ ಇರುವ ಕೆಲಸ

ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟಿನ ತಿರುಗುವಿಕೆಯನ್ನು ಡಿಫರೆನ್ಷಿಯಲ್ ಅಡ್ಡಕ್ಕೆ ತಿರುಗಿಸಿ ಚಕ್ರಗಳಿಗೆ ನೀಡುತ್ತದೆ. ವೇಗವನ್ನು ತಗ್ಗಿಸಿ ಎಳೆಯುವ ಬಲವನ್ನು ಹೆಚ್ಚಿಸುತ್ತದೆ. ತಿರುವಿನಲ್ಲಿ ಹೊರಬದಿಯ ಚಕ್ರವು ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಕ್ರಮಿಸಬೇಕಾಗಿರುವುದರಿಂದ ಎರಡೂ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಕಲ್ಪಿಸುತ್ತದೆ. ಈ ಮೂರೂ ಕೆಲಸಗಳ ಭಾರವನ್ನು ಮುಖ್ಯವಾಗಿ ಹೊರುವುದು ಕ್ರೌನ್ ಚಕ್ರ ಮತ್ತು ಅದನ್ನು ತಿರುಗಿಸುವ ಪಿನಿಯನ್.

ಹಿಂಬದಿ ಚಕ್ರಗಳಿಂದ ಚಲಿಸುವ ವಾಹನಗಳ ಪೈಕಿ ಬಹುಪಾಲಿನಲ್ಲಿ ಈ ಜೋಡಿಯು ಹೈಪಾಯ್ಡ್ ಮಾದರಿಯದು. ಅಂದರೆ ಪಿನಿಯನ್‌ನ ಅಕ್ಷವು ಕ್ರೌನ್‌ನ ಅಕ್ಷವನ್ನು ನೇರವಾಗಿ ಸಂಧಿಸದೆ ಸ್ವಲ್ಪ ಕೆಳಗೆ ಅಥವಾ ಮೇಲೆ ಸರಿದಿರುತ್ತದೆ. ಇದರಿಂದ ಒಂದೇ ವೇಳೆಗೆ ಹೆಚ್ಚು ಹಲ್ಲುಗಳು ಕೂಡಿ ಭಾರ ಹೊರುತ್ತವೆ, ಶಬ್ದವೂ ಕಡಿಮೆ. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉದ್ದಕ್ಕೂ ಜಾರುತ್ತವೆ. ಅಪಾರ ಒತ್ತಡದಲ್ಲಿ ಲೋಹವು ಲೋಹದ ಮೇಲೆ ಜಾರುವಾಗ ನಡುವಿನ ಆಯಿಲ್ ಪದರವು ಹಿಂಡಿ ಹೋಗುತ್ತದೆ. ಆಗ ಎಷ್ಟೇ ಮಂದವಾದ ಆಯಿಲ್ ಆದರೂ, ಮಂದತೆಯೊಂದರಿಂದಲೇ ಹಲ್ಲುಗಳನ್ನು ಉಳಿಸಲಾರದು.

ಇದಕ್ಕಾಗಿಯೇ ಗೇರ್ ಆಯಿಲ್‌ನಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಹಲ್ಲುಗಳ ತಿಕ್ಕಾಟದಿಂದ ಬಿಸಿಯಾದ ಜಾಗದಲ್ಲಿ ಇವು ಉಕ್ಕಿನೊಡನೆ ಸೇರಿ ತೆಳುವಾದ ರಕ್ಷಣಾ ಪದರವನ್ನು ಉಂಟುಮಾಡುತ್ತವೆ. ಸವೆಯುವುದು ಆ ಪದರವೇ ಹೊರತು ಹಲ್ಲಿನ ಉಕ್ಕಲ್ಲ. ಡಬ್ಬಿಯ ಮೇಲೆ ಇ.ಪಿ. ಎಂಬ ಎರಡಕ್ಷರ ಇರುವುದು ಈ ಅತಿ ಒತ್ತಡ ತಾಳುವ ಗುಣವನ್ನು ಸೂಚಿಸಲು. ಗೇರ್ ಆಯಿಲ್‌ಗೆ ಇರುವ ಘಾಟು ವಾಸನೆಯೂ ಈ ಗಂಧಕದ್ದೇ. ವಾಸನೆ ನೋಡಿಯೇ ಒಳ್ಳೆಯ ಆಯಿಲ್ ಎಂದು ಹೇಳುವವರು ಗ್ಯಾರೇಜುಗಳಲ್ಲಿ ಇದ್ದಾರೆ. ಆದರೆ ವಾಸನೆಯಿಂದ ದರ್ಜೆಯನ್ನು ತೀರ್ಮಾನಿಸಲು ಬರುವುದಿಲ್ಲ.

ಮಂದತೆಯ ಗುರುತು

ಡಬ್ಬಿಯ ಮೇಲೆ 90, 80ಡಬ್ಲ್ಯೂ-90, 75ಡಬ್ಲ್ಯೂ-90, 85ಡಬ್ಲ್ಯೂ-140 ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಿತವಾಗಿರುವುದು ಎಸ್.ಎ.ಇ. ಎಂಬ ವಾಹನ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯು ನಿಗದಿಪಡಿಸಿದ ಮಂದತೆಯ ದರ್ಜೆ. ಕೊನೆಯಲ್ಲಿರುವ ಸಂಖ್ಯೆಯು ಬಿಸಿಯಾದಾಗಿನ ಮಂದತೆಯನ್ನು ತಿಳಿಸುತ್ತದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 90ರ ದರ್ಜೆಯ ಆಯಿಲ್ 13.5ರಿಂದ 18.5 ಸೆಂಟಿಸ್ಟೋಕ್‌ಗಳ ನಡುವೆ ಇರಬೇಕು. 140ರ ದರ್ಜೆಯದು 24ರಿಂದ 32.5ರ ನಡುವೆ. ಡಬ್ಲ್ಯೂ ಅಕ್ಷರದೊಡನೆ ಇರುವ ಮೊದಲ ಸಂಖ್ಯೆಯು ಚಳಿಯಲ್ಲಿನ ಹರಿವಿಗೆ ಸಂಬಂಧಿಸಿದ್ದು. 85ಡಬ್ಲ್ಯೂ ಆಯಿಲನ್ನು ಶೂನ್ಯಕ್ಕಿಂತ 12 ಡಿಗ್ರಿ ಕೆಳಗೆ, 80ಡಬ್ಲ್ಯೂ ಆಯಿಲನ್ನು 26 ಡಿಗ್ರಿ ಕೆಳಗೆ, 75ಡಬ್ಲ್ಯೂ ಆಯಿಲನ್ನು 40 ಡಿಗ್ರಿ ಕೆಳಗೆ ಪರೀಕ್ಷಿಸಿ, ಅಲ್ಲಿಯೂ ಅದು ನಿಗದಿತ ಮಿತಿಯನ್ನು ಮೀರಿ ಗಟ್ಟಿಯಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಲಾಗುತ್ತದೆ.

ನಮ್ಮ ರಾಜ್ಯದ ಯಾವ ಜಿಲ್ಲೆಯಲ್ಲಿಯೂ ಚಳಿಯ ಕಾರಣಕ್ಕಾಗಿ ಮೊದಲ ಸಂಖ್ಯೆಯ ಬಗ್ಗೆ ಚಿಂತಿಸಬೇಕಾದ ಪ್ರಮೇಯ ಇರುವುದಿಲ್ಲ. ರಾಷ್ಟ್ರೀಯ ಪರವಾನಗಿ ಪಡೆದು ಚಳಿಗಾಲದಲ್ಲಿ ಕಾಶ್ಮೀರ, ಲಡಾಖ್ ಕಡೆಗೆ ಹೋಗುವ ಲಾರಿಗಳ ಮಾಲೀಕರು ಮಾತ್ರ ಇದನ್ನು ಗಮನಿಸತಕ್ಕದ್ದು. ಅಲ್ಲಿನ ರಾತ್ರಿಯ ಚಳಿಯಲ್ಲಿ 85ಡಬ್ಲ್ಯೂ-140 ಬೆಲ್ಲದ ಪಾಕದಂತೆ ಗಟ್ಟಿಯಾಗಿ, ಬೆಳಗ್ಗೆ ಗಾಡಿ ಹೊರಟಾಗ ಪಿನಿಯನ್ ಬೇರಿಂಗ್‌ಗಳಿಗೆ ಆಯಿಲ್ ತಲುಪಲು ತಡವಾಗಬಹುದು.

ಹಾಗೆಂದು 75ಡಬ್ಲ್ಯೂ-90 ಕೇವಲ ಚಳಿ ಪ್ರದೇಶದ ಆಯಿಲ್ ಎಂದು ಭಾವಿಸತಕ್ಕದ್ದಲ್ಲ. ಇಂಧನದ ಉಳಿತಾಯಕ್ಕಾಗಿ ಮತ್ತು ಆಯಿಲ್ ಬದಲಾವಣೆಯ ಅಂತರ ಹೆಚ್ಚಿಸಲು ಕೆಲವು ತಯಾರಕರು ಇದನ್ನೇ ಸೂಚಿಸಿರುತ್ತಾರೆ. ಕೈಪಿಡಿಯಲ್ಲಿ ಹಾಗೆ ಇದ್ದಲ್ಲಿ ಅದನ್ನೇ ಬಳಸುವುದು.

ಎಂಜಿನ್ ಆಯಿಲ್‌ನ ಸಂಖ್ಯೆಯೂ ಗೇರ್ ಆಯಿಲ್‌ನ ಸಂಖ್ಯೆಯೂ ಬೇರೆ ಬೇರೆ ಅಳತೆಯವು. 90ರ ಗೇರ್ ಆಯಿಲ್ 40ರ ಎಂಜಿನ್ ಆಯಿಲ್‌ಗಿಂತ ಎರಡು ಪಟ್ಟು ಮಂದವಾಗಿರುವುದೆಂಬ ನಂಬಿಕೆ ಸರಿಯಲ್ಲ. ವಾಸ್ತವವಾಗಿ 90ರ ಗೇರ್ ಆಯಿಲ್, 40 ಅಥವಾ 50ರ ಎಂಜಿನ್ ಆಯಿಲ್‌ನಷ್ಟೇ ಮಂದವಾಗಿರುತ್ತದೆ. ಇಷ್ಟಾದರೂ ಎಂಜಿನ್ ಆಯಿಲನ್ನು ಡಿಫರೆನ್ಷಿಯಲ್‌ಗೆ ಸುರಿಯುವಂತಿಲ್ಲ. ಮಂದತೆ ಒಂದೇ ಆದರೂ ಹಲ್ಲುಗಳನ್ನು ಕಾಯುವ ಸಂಯುಕ್ತಗಳು ಅದರಲ್ಲಿ ಅಗತ್ಯ ಪ್ರಮಾಣದಲ್ಲಿ ಇರುವುದಿಲ್ಲ.

ಜಿ.ಎಲ್. ಗುರುತು: ನಿರ್ಣಾಯಕವಾದದ್ದು ಇದೇ

ಎ.ಪಿ.ಐ., ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯು, ಗೇರ್ ಆಯಿಲ್‌ಗಳನ್ನು ಅವುಗಳ ಕೆಲಸಕ್ಕೆ ಅನುಗುಣವಾಗಿ ವರ್ಗೀಕರಿಸಿದೆ. ಈ ಪೈಕಿ ಜಿ.ಎಲ್.-1, 2, 3 ಮತ್ತು 6 ಬಳಕೆಯಿಂದ ಹೊರಗುಳಿದಿವೆ. ವಾಹನ ಮಾಲೀಕರಿಗೆ ಎದುರಾಗುವುದು ಮುಖ್ಯವಾಗಿ ಜಿ.ಎಲ್.-4 ಮತ್ತು ಜಿ.ಎಲ್.-5.

ಹೈಪಾಯ್ಡ್ ಡಿಫರೆನ್ಷಿಯಲ್‌ಗೆ ತಯಾರಕರು ಸಾಮಾನ್ಯವಾಗಿ ಸೂಚಿಸುವುದು ಜಿ.ಎಲ್.-5. ಇದರಲ್ಲಿ ಅತಿ ಒತ್ತಡದ ಸಂಯುಕ್ತಗಳು ಜಿ.ಎಲ್.-4ಕ್ಕಿಂತ ಸುಮಾರು ಎರಡರಷ್ಟು ಇರುತ್ತವೆ. ಭಾರ ಹೊತ್ತು ಘಟ್ಟ ಹತ್ತುವ ಲಾರಿಯ ಹೈಪಾಯ್ಡ್ ಹೌಸಿಂಗ್‌ಗೆ ಜಿ.ಎಲ್.-4 ಹಾಕಿದರೆ ಹಲ್ಲುಗಳ ಮುಖದ ಮೇಲೆ ಗೀರುಗಳು ಮೂಡುತ್ತವೆ. ಮೊದಲು ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಕೇಳಿಸುವ ಕೊರಗು ಶಬ್ದ, ನಂತರ ಎಲ್ಲ ವೇಗದಲ್ಲಿಯೂ ಕೇಳಿಸುವ ಊಳು, ಕೊನೆಗೆ ಕ್ರೌನ್-ಪಿನಿಯನ್ ಜೋಡಿಯನ್ನೇ ಬದಲಾಯಿಸಬೇಕಾದ ಸ್ಥಿತಿ. ಒಂದನ್ನು ಮಾತ್ರ ಬದಲಾಯಿಸಲು ಬರುವುದಿಲ್ಲ. ಇವೆರಡೂ ಜೋಡಿಯಾಗಿಯೇ ಮಾರಾಟವಾಗುತ್ತವೆ.

ಹಾಗಾದರೆ ಎಲ್ಲ ಕಡೆಗೂ ಜಿ.ಎಲ್.-5 ಹಾಕಿಬಿಡಬಹುದಲ್ಲವೆ ಎಂಬ ಪ್ರಶ್ನೆ ಬರುತ್ತದೆ. ಬಾರದು. ಗೇರ್‌ಬಾಕ್ಸಿನ ಒಳಗಿರುವ ಹಿತ್ತಾಳೆಯ ಸಿಂಕ್ರೊನೈಸರ್ ಉಂಗುರಗಳಿಗೆ ಈ ಪ್ರಮಾಣದ ಗಂಧಕವು ಹಾನಿಕರವಾಗಬಹುದು. ಅಲ್ಲದೆ ಆ ಉಂಗುರಗಳು ಕೆಲಸ ಮಾಡುವುದೇ ಸ್ವಲ್ಪ ಹಿಡಿತ ಇರುವುದರಿಂದ. ಅತಿಯಾಗಿ ಜಾರಿದರೆ ಗೇರ್ ಸರಿಯಾಗಿ ಬೀಳದೆ ಕರಕರ ಎನ್ನುತ್ತದೆ. ಒಂದೇ ಡ್ರಮ್ಮಿನಿಂದ ಗೇರ್‌ಬಾಕ್ಸಿಗೂ ಹೌಸಿಂಗ್‌ಗೂ ಸುರಿಯುವ ಪದ್ಧತಿ ಗ್ಯಾರೇಜುಗಳಲ್ಲಿ ಇದೆ. ಎರಡಕ್ಕೂ ಒಂದೇ ಆಯಿಲ್ ಸಾಕೆಂದು ಕೈಪಿಡಿಯು ಸ್ಪಷ್ಟವಾಗಿ ಹೇಳಿದ್ದಲ್ಲಿ ಮಾತ್ರ ಇದಕ್ಕೆ ಒಪ್ಪಿಕೊಳ್ಳತಕ್ಕದ್ದು.

ಯಾವ ವಾಹನಕ್ಕೆ ಏನು

ಅಂತಿಮ ಆಧಾರ ವಾಹನದ ಕೈಪಿಡಿಯೇ. ಕೈಪಿಡಿ ಕಳೆದುಹೋಗಿದ್ದಲ್ಲಿ ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲಿ ಮಾದರಿ ಮತ್ತು ಚಾಸಿಸ್ ಸಂಖ್ಯೆ ನೀಡಿ ವಿಚಾರಿಸಬಹುದು. ಈ ಕೆಳಗಿನ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ.

ಓಮ್ನಿ, ಈಕೊ, ಬೊಲೆರೊ, ಟಾಟಾ ಏಸ್ ಮುಂತಾದ ಹಿಂಬದಿ ಚಾಲನೆಯ ವಾಹನಗಳಲ್ಲಿ ಡಿಫರೆನ್ಷಿಯಲ್ ಪ್ರತ್ಯೇಕವಾಗಿದ್ದು, ಅದರ ಆಯಿಲ್ ಕೂಡ ಪ್ರತ್ಯೇಕ. ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದ ಮಾತ್ರಕ್ಕೆ ಇದೂ ಬದಲಾದಂತೆ ಅಲ್ಲ. ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಸಾಲುಗಳಲ್ಲಿ ಬರೆಸುವುದು ಒಳ್ಳೆಯದು. ಆಲ್ಟೊದಂತಹ ಮುಂಬದಿ ಚಾಲನೆಯ ಕಾರುಗಳಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನ ಒಳಗೇ ಇರುತ್ತದೆ. ಅಲ್ಲಿ ಹೈಪಾಯ್ಡ್ ಜೋಡಿ ಇರುವುದಿಲ್ಲ, ಸಿಂಕ್ರೊನೈಸರ್ ಉಂಗುರಗಳು ಇರುತ್ತವೆ, ಆದ್ದರಿಂದ "ಡಿಫರೆನ್ಷಿಯಲ್‌ಗೆ ಜಿ.ಎಲ್.-5" ಎಂಬ ಮಾತನ್ನು ಈ ಕಾರುಗಳಿಗೆ ಅನ್ವಯಿಸತಕ್ಕದ್ದಲ್ಲ.

ಭಾರಿ ಲಾರಿ ಮತ್ತು ಬಸ್ಸುಗಳ ಕೈಪಿಡಿಗಳಲ್ಲಿ 85ಡಬ್ಲ್ಯೂ-140 ಅಥವಾ 80ಡಬ್ಲ್ಯೂ-90 ಕಂಡುಬರುತ್ತದೆ. 90 ಸೂಚಿಸಿದ್ದ ಗಾಡಿಗೆ "ಲೋಡ್ ಜಾಸ್ತಿ, 140 ಹಾಕೋಣ" ಎಂದು ಬದಲಾಯಿಸುವುದರಿಂದ ಹೆಚ್ಚಿನ ರಕ್ಷಣೆ ದೊರೆಯುವುದೆಂಬ ಖಾತರಿ ಇಲ್ಲ. ಅತಿ ಮಂದವಾದ ಆಯಿಲನ್ನು ಕಲಕುವುದಕ್ಕೇ ಶಕ್ತಿ ವ್ಯಯವಾಗಿ ಡೀಸೆಲ್ ಹೆಚ್ಚು ಖರ್ಚಾಗುತ್ತದೆ. ಶಬ್ದ ಬರುತ್ತಿದೆ ಎಂದು 140 ಹಾಕಿಸುವುದಂತೂ ರೋಗವನ್ನು ಮುಚ್ಚಿಟ್ಟಂತೆ: ಶಬ್ದ ತಗ್ಗುತ್ತದೆ, ಸವೆದ ಬೇರಿಂಗ್ ಸವೆಯುತ್ತಲೇ ಇರುತ್ತದೆ. ಹಳೆಯ ಗಾಡಿಗಳ ಮಾರಾಟದಲ್ಲಿ ಶಬ್ದ ಅಡಗಿಸಲು ಹೌಸಿಂಗ್‌ಗೆ ಮರದ ಹುಡಿ ಬೆರೆಸುವ ಹಳೆಯ ಉಪಾಯವೂ ಇದೇ ಜಾತಿಯದು. ಮಾಲೀಕತ್ವ ವರ್ಗಾವಣೆಗೆ ಸಹಿ ಹಾಕುವ ಮುನ್ನ ಖರೀದಿದಾರರು ಡ್ರೈನ್ ಪ್ಲಗ್ ಬಿಚ್ಚಿಸಿ ಸ್ವಲ್ಪ ಆಯಿಲ್ ತೆಗೆಸಿ ನೋಡುವುದು ತಪ್ಪಲ್ಲ.

ಟ್ರ್ಯಾಕ್ಟರ್‌ಗಳ ವಿಷಯ ಬೇರೆಯೇ ಆಗಿದೆ. ಅನೇಕ ಮಾದರಿಗಳಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಹೈಡ್ರಾಲಿಕ್ ಮತ್ತು ಆಯಿಲ್‌ನಲ್ಲಿ ಮುಳುಗಿರುವ ಬ್ರೇಕ್ ಇವೆಲ್ಲಕ್ಕೂ ಒಂದೇ ಆಯಿಲ್ ಇರುತ್ತದೆ. ಇಂತಹ ಟ್ರ್ಯಾಕ್ಟರ್‌ಗೆ ಲಾರಿಯ ಜಿ.ಎಲ್.-5 ಆಯಿಲ್ ಸುರಿದರೆ ಬ್ರೇಕ್ ತಟ್ಟೆಗಳ ಹಿಡಿತ ಕೆಡುತ್ತದೆ. ಕಬ್ಬಿನ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗೆ ಇದು ಸಣ್ಣ ಮಾತಲ್ಲ. ವಿದ್ಯುತ್ ಚಾಲಿತ ವಾಹನಗಳ ಗೇರ್ ಘಟಕಕ್ಕೂ ತಯಾರಕರು ಸೂಚಿಸಿದ ಆಯಿಲನ್ನಷ್ಟೇ ಬಳಸಬೇಕು. ಜಾರುವಿಕೆ ಮಿತಗೊಳಿಸುವ ವಿಶೇಷ ಡಿಫರೆನ್ಷಿಯಲ್, ಅಂದರೆ ಲಿಮಿಟೆಡ್ ಸ್ಲಿಪ್ ಮಾದರಿ, ಇರುವ ವಾಹನಗಳಿಗೆ ಎಲ್.ಎಸ್. ಗುರುತಿನ ಆಯಿಲ್ ಬೇಕೆಂದು ಕೈಪಿಡಿಯಲ್ಲಿ ಇದ್ದರೆ ಅದಕ್ಕೆ ಬದಲಿ ಇಲ್ಲ.

ಘಟ್ಟದ ರಸ್ತೆ, ಸೋರಿಕೆ ಮತ್ತು ಬ್ರೇಕ್

ಈ ವಿಷಯವು ಸುರಕ್ಷತೆಗೆ ನೇರವಾಗಿ ಸಂಬಂಧಿಸಿದ್ದರಿಂದ ಮಾಲೀಕರೂ ಚಾಲಕರೂ ವಿಶೇಷವಾಗಿ ಗಮನಿಸತಕ್ಕದ್ದು.

ಸಕಲೇಶಪುರದಿಂದ ಗುಂಡ್ಯದ ಕಡೆಗೆ ಶಿರಾಡಿ ಘಟ್ಟದಲ್ಲಾಗಲಿ, ಯಲ್ಲಾಪುರದಿಂದ ಅಂಕೋಲದ ಕಡೆಗೆ ಅರಬೈಲ್ ಘಟ್ಟದಲ್ಲಾಗಲಿ ಭಾರ ಹೊತ್ತ ಲಾರಿಯು ಓಡುವಾಗ ಹೌಸಿಂಗ್ ಕಾಯುತ್ತದೆ, ಒಳಗಿನ ಗಾಳಿಯು ಹಿಗ್ಗುತ್ತದೆ. ಹೀಗೆ ಹಿಗ್ಗಿದ ಗಾಳಿ ಹೊರಹೋಗಲೆಂದೇ ಹೌಸಿಂಗ್‌ನ ಮೇಲ್ಭಾಗದಲ್ಲಿ ಬ್ರೀದರ್ ಎಂಬ ಸಣ್ಣ ಕಿಂಡಿ ಇರುತ್ತದೆ. ಕೆಸರು, ಧೂಳು ಅಥವಾ ಬಳಿದ ಬಣ್ಣದಿಂದ ಅದು ಮುಚ್ಚಿಹೋಗಿದ್ದರೆ ಒಳಗಿನ ಒತ್ತಡವು ಆಯಿಲನ್ನು ಸೀಲ್‌ಗಳ ಕಡೆಗೆ ತಳ್ಳುತ್ತದೆ. ಆಕ್ಸಲ್ ಕೊಳವೆಯ ಮೂಲಕ ಹಬ್ ತಲುಪಿದ ಆಯಿಲ್ ಸೀಲ್ ದಾಟಿ ಬ್ರೇಕ್ ಡ್ರಮ್ಮಿನೊಳಗೆ ಇಳಿದರೆ ಲೈನರ್‌ಗಳು ತೊಯ್ದು ಹಿಡಿತ ಕಳೆದುಕೊಳ್ಳುತ್ತವೆ. ಒಂದು ಚಕ್ರ ಹಿಡಿದು ಇನ್ನೊಂದು ಹಿಡಿಯದಿದ್ದರೆ ಇಳಿಜಾರಿನಲ್ಲಿ ವಾಹನ ಒಂದು ಬದಿಗೆ ಎಳೆಯುತ್ತದೆ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಿಂದ ತೊಳೆದು ಮತ್ತೆ ಕೂರಿಸುವುದು ಪರಿಹಾರವಲ್ಲ. ಲೈನರ್ ಬದಲಾಯಿಸಿ, ಸೋರಿಕೆಗೆ ಕಾರಣವಾದ ಸೀಲ್ ಮತ್ತು ಬ್ರೀದರ್ ಎರಡನ್ನೂ ಸರಿಪಡಿಸಬೇಕು.

ಬ್ರೀದರ್ ಚೆನ್ನಾಗಿದ್ದರೂ ಅತಿಯಾಗಿ ಆಯಿಲ್ ತುಂಬಿದರೆ ಇದೇ ಪರಿಣಾಮ ಉಂಟಾಗುತ್ತದೆ. "ಒಂದು ಲೀಟರ್ ಹೆಚ್ಚಿದ್ದರೆ ಒಳ್ಳೆಯದೇ" ಎಂಬ ಮಾತು ಅನ್ನ ಬಡಿಸುವಲ್ಲಿ ಸರಿ, ಹೌಸಿಂಗ್‌ಗೆ ಅಲ್ಲ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಸಮಯ ಕೊಟ್ಟು, ಫಿಲ್ಲರ್ ಪ್ಲಗ್ ಬಿಚ್ಚಿ ನೋಡಿದಾಗ ಆಯಿಲ್ ಸಾಮಾನ್ಯವಾಗಿ ಕಿಂಡಿಯ ಕೆಳ ಅಂಚಿನವರೆಗೆ ಇರಬೇಕು. ಕೈಪಿಡಿಯಲ್ಲಿ ಬೇರೆ ಅಳತೆ ಹೇಳಿದ್ದರೆ ಅದೇ ಅಂತಿಮ.

ಬದಲಾವಣೆ

ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗುತ್ತದೆ. ಹೊಸ ವಾಹನದ ಅಥವಾ ಕ್ರೌನ್ ಬದಲಾಯಿಸಿದ ವಾಹನದ ಮೊದಲ ಬದಲಾವಣೆಯನ್ನು ಬೇಗ ಮಾಡಲು ಸೂಚಿಸಿದ್ದಲ್ಲಿ ಅದನ್ನು ತಪ್ಪಿಸಬಾರದು. ಹಲ್ಲುಗಳು ಹೊಂದಿಕೊಳ್ಳುವಾಗ ಉದುರಿದ ಲೋಹದ ಪುಡಿ ಆ ಮೊದಲ ಆಯಿಲ್‌ನಲ್ಲಿಯೇ ಇರುತ್ತದೆ.

ಆಯಿಲ್ ಬೆಚ್ಚಗಿರುವಾಗ ಇಳಿಸುವುದು ಸೂಕ್ತ. ಆದರೆ ಡ್ರೈನ್ ಪ್ಲಗ್ ಬಿಚ್ಚುವ ಮುನ್ನ ಫಿಲ್ಲರ್ ಪ್ಲಗ್ ಬಿಚ್ಚಲು ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಹಳೆಯದನ್ನು ಇಳಿಸಿದ ಮೇಲೆ ತುಂಬುವ ಪ್ಲಗ್ ತುಕ್ಕು ಹಿಡಿದು ಬಿಗಿದಿರುವುದು ತಿಳಿದುಬಂದರೆ ಗಾಡಿ ಅಲ್ಲಿಯೇ ನಿಲ್ಲುತ್ತದೆ. ಅಯಸ್ಕಾಂತದ ಪ್ಲಗ್‌ಗೆ ಬೂದು ಬಣ್ಣದ ನುಣುಪಾದ ಪುಡಿ ಅಂಟಿದ್ದರೆ ಅದು ಸಹಜ. ಚೂರುಗಳು, ಹಲ್ಲಿನ ತುಂಡುಗಳು ಸಿಕ್ಕರೆ ಹೌಸಿಂಗ್ ಬಿಚ್ಚಿಸತಕ್ಕದ್ದು.

ಆಯಿಲ್ ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದು ಅರ್ಥ. ಬಿಸಿಯಾದ ಹೌಸಿಂಗ್ ಒಮ್ಮೆಲೇ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ ಬ್ರೀದರ್ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಬಂದಂತಹ ಪ್ರವಾಹದಲ್ಲಿ ಆಕ್ಸಲ್ ಮಟ್ಟದವರೆಗೆ ನೀರಿನಲ್ಲಿ ನಿಂತ ಅಥವಾ ಹಾಯ್ದ ವಾಹನಗಳಲ್ಲಿ, ಕಿಲೋಮೀಟರ್ ಲೆಕ್ಕ ನೋಡದೆ ಆಯಿಲ್ ಪರೀಕ್ಷಿಸಿ ಅಗತ್ಯವಿದ್ದಲ್ಲಿ ಬದಲಾಯಿಸಬೇಕು.

ದಾರಿಯಲ್ಲಿ ಆಯಿಲ್ ಕಡಿಮೆಯಾಗಿ ಅದೇ ಕಂಪನಿಯದು ಸಿಗದಿದ್ದಾಗ, ಅದೇ ಜಿ.ಎಲ್. ವರ್ಗದ, ಅದೇ ಮಂದತೆಯ ಬೇರೆ ಆಯಿಲನ್ನು ತಾತ್ಕಾಲಿಕವಾಗಿ ಸೇರಿಸಿ ಊರು ತಲುಪಿದ ಮೇಲೆ ಪೂರ್ತಿ ಬದಲಾಯಿಸಬಹುದು. ಖಾಲಿ ಓಡಿಸುವುದಕ್ಕಿಂತ ಇದು ಮೇಲು.

ಖರ್ಚಿನ ಲೆಕ್ಕ ಮತ್ತು ಖರೀದಿ

ಅಗ್ಗದ ಆಯಿಲ್‌ನ ಆಕರ್ಷಣೆಯನ್ನು ಲೆಕ್ಕ ಹಾಕಿಯೇ ನೋಡಬಹುದು. ಉದಾಹರಣೆಗಾಗಿ, ಸರಿಯಾದ ದರ್ಜೆಯ ಆಯಿಲ್ ಲೀಟರಿಗೆ 100 ರೂಪಾಯಿ ದುಬಾರಿ ಎಂದೂ, ಹೌಸಿಂಗ್‌ಗೆ 12 ಲೀಟರ್ ಬೇಕೆಂದೂ, 40,000 ಕಿಲೋಮೀಟರಿಗೆ ಒಮ್ಮೆ ಬದಲಾವಣೆ ಎಂದೂ ಇಟ್ಟುಕೊಳ್ಳೋಣ. ಹೆಚ್ಚುವರಿ ಖರ್ಚು 1,200 ರೂಪಾಯಿ, ಅಂದರೆ ಕಿಲೋಮೀಟರಿಗೆ 3 ಪೈಸೆ. ಕ್ರೌನ್-ಪಿನಿಯನ್ ಜೋಡಿಯ ಬೆಲೆ, ಕೂಲಿ, ಗಾಡಿ ನಿಂತ ದಿನಗಳ ಬಾಡಿಗೆ ನಷ್ಟ ಮತ್ತು ನಿಲ್ಲದ ಸಾಲದ ಕಂತನ್ನು ಇನ್ನೊಂದು ಬದಿಯಲ್ಲಿ ಬರೆದರೆ ಯಾವುದು ಅಗ್ಗವೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಖರೀದಿಸುವಾಗ ಮೊಹರು ಒಡೆಯದ ಡಬ್ಬಿಯನ್ನೇ ಪಡೆಯುವುದು. ತಯಾರಕರ ಅಥವಾ ಪ್ಯಾಕ್ ಮಾಡಿದವರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ತಯಾರಿಕೆಯ ತಿಂಗಳು ಮತ್ತು ವರ್ಷ, ಗರಿಷ್ಠ ಚಿಲ್ಲರೆ ಬೆಲೆ ಹಾಗೂ ಗ್ರಾಹಕರ ದೂರಿಗೆ ಸಂಪರ್ಕ ವಿವರಗಳು ಪೊಟ್ಟಣದ ಮೇಲೆ ಇರಬೇಕೆಂದು ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳು, 2011 ವಿಧಿಸುತ್ತವೆ. ಇವು ಇಲ್ಲದ ಡಬ್ಬಿಯಲ್ಲಿ ಜಿ.ಎಲ್.-5 ಎಂದು ಎಷ್ಟು ದಪ್ಪಕ್ಷರದಲ್ಲಿ ಬರೆದಿದ್ದರೂ ನಂಬುವಂತಿಲ್ಲ. ದರ್ಜೆಯನ್ನು ನಮೂದಿಸಿದ ಬಿಲ್ ಪಡೆದು ವಾಹನದ ಇತರ ದಾಖಲೆಗಳೊಂದಿಗೆ ಇಟ್ಟುಕೊಳ್ಳತಕ್ಕದ್ದು. ವಾರಂಟಿ ವಿವಾದ ಬಂದಾಗ ಉಪಯೋಗಕ್ಕೆ ಬರುವುದು ಅದೇ. ನಕಲಿ ಅಥವಾ ಅಳತೆ ಕಡಿಮೆ ಇರುವ ಆಯಿಲ್ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ತಪಾಸಣೆಗೆ ಬರುವ ಮುನ್ನ

ಎಂಟು ವರ್ಷಗಳವರೆಗಿನ ಸಾರಿಗೆ ವಾಹನಗಳಿಗೆ ಎರಡು ವರ್ಷಕ್ಕೊಮ್ಮೆ, ಅದಕ್ಕೂ ಹಳೆಯ ವಾಹನಗಳಿಗೆ ವರ್ಷಕ್ಕೊಮ್ಮೆ ಅರ್ಹತಾ ಪ್ರಮಾಣಪತ್ರ ನವೀಕರಿಸಬೇಕಾಗುತ್ತದೆ. ಕೊನೆಯ ದಿನ ಹೌಸಿಂಗ್ ಒರೆಸಿ, ಮೇಲೆ ಬಣ್ಣ ಬಳಿದು ಬರುವುದರಿಂದ ಸೋರಿಕೆ ನಿಲ್ಲುವುದಿಲ್ಲ. ಬಳಿದ ಬಣ್ಣವೇ ಬ್ರೀದರ್ ಮುಚ್ಚುವ ಸಾಧ್ಯತೆ ಇದೆ. ತಪಾಸಣೆಯ ದಿನಾಂಕಕ್ಕೆ ಒಂದೆರಡು ವಾರ ಮೊದಲೇ ಆಯಿಲ್ ಮಟ್ಟ, ಪಿನಿಯನ್ ಸೀಲ್, ಹಬ್ ಸೀಲ್‌ಗಳನ್ನು ನೋಡಿಸಿದಲ್ಲಿ, ದುರಸ್ತಿಯ ನಂತರ ಕೆಲವು ದಿನ ಓಡಿಸಿ ಸೋರಿಕೆ ನಿಂತಿರುವುದನ್ನು ಖಚಿತಪಡಿಸಿಕೊಳ್ಳಲು ಸಮಯ ಸಿಗುತ್ತದೆ.

ಬಳಸಿದ ಆಯಿಲ್‌ನ ವಿಲೇವಾರಿ

ಇಳಿಸಿದ ಗೇರ್ ಆಯಿಲನ್ನು ಚರಂಡಿಗೆ, ಕೆರೆಯಂಗಳಕ್ಕೆ ಅಥವಾ ಮಣ್ಣಿಗೆ ಸುರಿಯಬಾರದು. ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿರ್ವಹಣೆಗೆ ಸಂಬಂಧಿಸಿದ 2016ರ ನಿಯಮಗಳಲ್ಲಿ ಗೇರ್ ಆಯಿಲ್ ಸಹ "ಬಳಸಿದ ಆಯಿಲ್" ವ್ಯಾಖ್ಯೆಗೆ ಒಳಪಟ್ಟಿದೆ. 2023ರಲ್ಲಿ ಈ ನಿಯಮಗಳಿಗೆ ಮಾಡಲಾದ ತಿದ್ದುಪಡಿಯು ಆಯಿಲ್ ತಯಾರಕರ ಮೇಲೆಯೂ ಮರುಬಳಕೆಯ ಹೊಣೆಯನ್ನು ಹೊರಿಸಿದ್ದು, 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿಯೇ ಆಯಿಲ್ ಬದಲಾಯಿಸುವವರು ಹಳೆಯದನ್ನು ನೀರು, ಸೀಮೆಎಣ್ಣೆ, ಬ್ರೇಕ್ ಆಯಿಲ್ ಬೆರೆಸದೆ ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ, ಬಳಸಿದ ಆಯಿಲ್ ಸ್ವೀಕರಿಸುವ ಸೇವಾ ಕೇಂದ್ರಕ್ಕೆ ಒಪ್ಪಿಸತಕ್ಕದ್ದು. ಗ್ಯಾರೇಜ್ ನಡೆಸುವವರು ನೋಂದಾಯಿತ ಮರುಬಳಕೆದಾರರಿಗೆ ಮಾತ್ರ ನೀಡಿ, ನೀಡಿದ ಪ್ರಮಾಣದ ರಸೀದಿಯನ್ನು ಪಡೆದಿಟ್ಟುಕೊಳ್ಳಬೇಕು.